ತಂತಿಯ ಆ ತುದಿಯಲ್ಲಿದ್ದ ಪರೀಕ್ಷಕ

ಲ್ಯಾಬ್ ಎಕ್ಸಾಮ್ ಅಂದ್ರೆ ನಮಗೆಲ್ಲ ಗೊತ್ತಿರೋದು ಇಷ್ಟೇ. ಚೀಟಿ ಎತ್ತೋದು, ಬಂದ ಪ್ರೋಗ್ರಾಂ ಬಾಯಿಪಾಠ ಇದ್ರೆ ದೇವರಿಗೆ ಕೈಮುಗಿದು ಬರೆಯೋದು, ಬರದಿದ್ರೆ ಬದಲಾಯಿಸಿ ಕೊಡಿ ಅಂತ ಕೇಳಿ ಒಂದಷ್ಟು ಮಾರ್ಕ್ಸ್ ಕಳ್ಕೊಳ್ಳೋದು, ಕೊನೆಗೆ ವೈವಾದಲ್ಲಿ ಎಕ್ಸ್‌ಟರ್ನಲ್ ಮುಖ ನೋಡಿ ಸುಮ್ನೆ ನಗೋದು. ಹಾಸ್ಟೆಲ್‌ನಲ್ಲಿ ನೆಟ್‌ವರ್ಕಿಂಗ್ ಸರ್ಟಿಫಿಕೇಶನ್ ಮಾತು ಶುರುವಾದ ಮೇಲೆ ಬೇರೆ ಥರದ ಲ್ಯಾಬ್ ಪರೀಕ್ಷೆಯೂ ಇದೆ ಅಂತ ಗೊತ್ತಾಯ್ತು. ಸಿಸ್ಕೋ ಕಂಪನಿಯ ಸಿಸಿಐಇ. ಒಟ್ಟು ಎಂಟು ಗಂಟೆ. ಮೊದಲ ಮೂರು ಗಂಟೆ ವಿನ್ಯಾಸ, ಉಳಿದ ಐದು ಗಂಟೆ ಜಾಲವನ್ನು ಕಟ್ಟೋದು, ನಡೆಸೋದು, ಕೆಟ್ಟಿದ್ದನ್ನು ಹುಡುಕಿ ಸರಿಮಾಡೋದು. ಬೆಂಗಳೂರಿನಲ್ಲೂ ಕೇಂದ್ರ ಇದೆ. ಎರಡು, ಮೂರು, ನಾಲ್ಕು ಸಲ ಕೂತು ಪಾಸಾದವರಿದ್ದಾರೆ. ಅಲ್ಲಿ ವ್ಯಾಖ್ಯೆ ಬರೆದು ತಪ್ಪಿಸಿಕೊಳ್ಳೋ ಹಾಗಿಲ್ಲ. ಪ್ಯಾಕೆಟ್ ಆ ಕಡೆ ಮುಟ್ಟಬೇಕು. ಮುಟ್ಟಲಿಲ್ಲ ಅಂದ್ರೆ ಕಾರಣ ಯಾರಿಗೂ ಬೇಡ.

ಇಂಥ ಪರೀಕ್ಷೆ ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ್ದಲ್ಲ. 1868ರಲ್ಲಿ ಅಮೆರಿಕದ ಬಾಸ್ಟನ್ ಊರಿನ ಒಂದು ತಂತಿ ಕಚೇರಿಯಲ್ಲಿ 21 ವರ್ಷದ ಹುಡುಗನೊಬ್ಬ ಇಂಥದ್ದೇ ಒಂದು ಪರೀಕ್ಷೆ ಕೊಟ್ಟ. ಅವನ ಹೆಸರು ತಾಮಸ್ ಆಲ್ವಾ ಎಡಿಸನ್. ಬಲ್ಬಿನ ಎಡಿಸನ್ ನಮಗೆ ಪ್ರೈಮರಿಯಿಂದಲೇ ಗೊತ್ತು. ಆದರೆ ಬಲ್ಬಿಗೂ ಮೊದಲು ಅವನು ನೆಟ್‌ವರ್ಕ್ ಹುಡುಗ ಆಗಿದ್ದ ಅನ್ನೋದು ನಮಗೆ ಇತ್ತೀಚೆಗೆ ತಿಳಿದದ್ದು. ಆಗ ಅವನು ನಮಗಿಂತ ಎರಡೇ ವರ್ಷ ದೊಡ್ಡವನು, ಅದಕ್ಕೇ ಅವನು ಅಂತಲೇ ಬರೀತೀವಿ. ಹಿರಿಯರು ಕ್ಷಮಿಸಬೇಕು.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಒಹಾಯೊ ರಾಜ್ಯದ ಮಿಲಾನ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವನು. 1854ರಲ್ಲಿ ಮನೆಯವರು ಮಿಷಿಗನ್‌ನ ಪೋರ್ಟ್ ಹ್ಯೂರನ್‌ಗೆ ಬಂದರು. ಶಾಲೆಗೆ ಹೋದದ್ದು ಸ್ವಲ್ಪ ಕಾಲ ಮಾತ್ರ, ಮುಂದೆ ಪಾಠ ಹೇಳಿದ್ದು ಅಮ್ಮ ನ್ಯಾನ್ಸಿ. 12ನೇ ವಯಸ್ಸಿಗೆ ಪೋರ್ಟ್ ಹ್ಯೂರನ್ ಮತ್ತು ಡೆಟ್ರಾಯ್ಟ್ ನಡುವಿನ ರೈಲಿನಲ್ಲಿ ಪೇಪರ್, ಮಿಠಾಯಿ ಮಾರೋ ಕೆಲಸಕ್ಕೆ ಸೇರಿದ. ಕಿವಿ ಮಂದವಾಗಿದ್ದೂ ಹೆಚ್ಚುಕಮ್ಮಿ ಈ ಹೊತ್ತಿಗೇ. ಅದು ಹೇಗಾಯ್ತು ಅನ್ನೋದಕ್ಕೆ ಮುಂದೆ ಅವನೇ ಬೇರೆ ಬೇರೆ ಸಲ ಬೇರೆ ಬೇರೆ ಕಥೆ ಹೇಳ್ತಿದ್ದ.

ತಂತಿಯ ಶಕ್ತಿ ಅವನಿಗೆ ಮೊದಲು ಕಂಡದ್ದು ವ್ಯಾಪಾರದಲ್ಲಿ. 1862ರ ಏಪ್ರಿಲ್‌ನಲ್ಲಿ ಅಂತರ್ಯುದ್ಧದ ಶೈಲೋ ಕದನದ ಸುದ್ದಿ ಡೆಟ್ರಾಯ್ಟ್‌ಗೆ ಬಂತು. ಸುದ್ದಿಯ ಮುಖ್ಯಾಂಶವನ್ನು ಮುಂದಿನ ಸ್ಟೇಷನ್‌ಗಳಿಗೆಲ್ಲ ತಂತಿ ಮೂಲಕ ಕಳಿಸಿ ಬೋರ್ಡಿನ ಮೇಲೆ ಬರೆಸೋ ಏರ್ಪಾಡನ್ನು ಹುಡುಗ ಮಾಡಿಕೊಂಡ. ಆಮೇಲೆ ಸಾಲದ ಮೇಲೆ ಸಾವಿರ ಪ್ರತಿ ಪೇಪರ್ ಎತ್ತಿಕೊಂಡು ರೈಲು ಹತ್ತಿದ. ರೈಲಿಗಿಂತ ಮೊದಲೇ ಸುದ್ದಿ ಊರು ಮುಟ್ಟಿತ್ತು, ಪ್ಲಾಟ್‌ಫಾರ್ಮ್ ತುಂಬಾ ಜನ. ಸ್ಟೇಷನ್‌ನಿಂದ ಸ್ಟೇಷನ್‌ಗೆ ಬೆಲೆ ಏರಿಸ್ತಾ ಹೋದರೂ ಪೇಪರ್ ಉಳಿಯಲಿಲ್ಲ. ರೈಲಿಗಿಂತ ಬೇಗ ಓಡುವ ಒಂದು ವಸ್ತು ಇದೆ, ಅದನ್ನು ಕಲಿಯಬೇಕು ಅಂತ ಆವತ್ತೇ ಅವನ ತಲೆಗೆ ಹೊಕ್ಕಿತು.

ಕಲಿಯೋ ಅವಕಾಶ ಅದೇ ವರ್ಷ ಸಿಕ್ತು. ಮೌಂಟ್ ಕ್ಲೆಮೆನ್ಸ್ ಸ್ಟೇಷನ್‌ನಲ್ಲಿ, ಸ್ಟೇಷನ್ ಏಜೆಂಟ್ ಮೆಕೆಂಜಿಯ ಚಿಕ್ಕ ಮಗ ಹಳಿ ಮೇಲೆ ಆಡ್ತಿದ್ದಾಗ ಡಬ್ಬಿಯೊಂದು ಉರುಳಿ ಬರ್ತಿತ್ತು. ಎಡಿಸನ್ ಓಡಿಹೋಗಿ ಮಗುವನ್ನು ಎಳೆದುಕೊಂಡ. ಆ ತಂದೆ ಋಣ ತೀರಿಸಿದ್ದು ದುಡ್ಡು ಕೊಟ್ಟಲ್ಲ, ತಂತಿ ವಿದ್ಯೆ ಹೇಳಿಕೊಟ್ಟು. ಹುಡುಗ ತನ್ನದೇ ಕೈಯಲ್ಲಿ ಮಾಡಿಕೊಂಡ ಉಪಕರಣಗಳ ಸೆಟ್ ಜೊತೆಗೇ ಪಾಠಕ್ಕೆ ಬಂದನಂತೆ. ರಜೆಯಲ್ಲಿ ಹಳೇ ರೂಟರ್ ಕೊಂಡು ತಂದು ಹಾಸ್ಟೆಲ್ ರೂಮಿನಲ್ಲಿ ಇಟ್ಟುಕೊಳ್ಳೋ ನಮ್ಮ ಸೀನಿಯರ್‌ಗಳು ಈ ಜಾತಿಯವರೇ.

ಆ ಕಾಲದ ತಂತಿ ಕೆಲಸ ಏನು ಅನ್ನೋದನ್ನ ಸ್ವಲ್ಪ ಹೇಳಲೇಬೇಕು. ಕಳಿಸುವವನ ಕೈಯಲ್ಲಿ ಕೀ, ಒತ್ತಿದ್ರೆ ಸರ್ಕ್ಯೂಟ್ ಮುಚ್ಚುತ್ತೆ, ಬಿಟ್ಟರೆ ತೆರೆಯುತ್ತೆ. ಆ ತುದಿಯಲ್ಲಿ ವಿದ್ಯುತ್ಕಾಂತವೊಂದು ಲೋಹದ ಪಟ್ಟಿಯನ್ನು ಎಳೆದು ಕಟ್ ಕಟ್ ಸದ್ದು ಮಾಡುತ್ತೆ. ಸದ್ದುಗಳ ನಡುವಿನ ಅಂತರ ಕೇಳಿ ಚುಕ್ಕೆ, ಗೆರೆ ಗುರುತಿಸಿ, ಅಕ್ಷರ ಮಾಡಿ, ಪದ ಮಾಡಿ, ಅದೇ ವೇಗದಲ್ಲಿ ಕಾಗದದ ಮೇಲೆ ಬರೀಬೇಕು. ಒಳ್ಳೇ ಆಪರೇಟರ್ ನಿಮಿಷಕ್ಕೆ 40 ಪದದವರೆಗೂ ಹಿಡೀತಿದ್ದ. ಹಿಡಿಯಲಾಗದವನಿಗೆ ಅವರ ಭಾಷೆಯಲ್ಲಿ ಪ್ಲಗ್ ಅಂತ ಹೆಸರು, ಹಿಡಿಯುವವನು ಮೊದಲ ದರ್ಜೆ. ಇದಕ್ಕೆ ಸರ್ಟಿಫಿಕೇಟ್ ಕಾಗದ ಇರಲಿಲ್ಲ. ವೇಗದ ತಂತಿಯ ಮುಂದೆ ಕೂರಿಸ್ತಿದ್ದರು, ಅಷ್ಟೇ. ಕಿವಿ ಮಂದವಿದ್ದದ್ದು ಎಡಿಸನ್‌ಗೆ ಇಲ್ಲಿ ಅನುಕೂಲವೇ ಆಯ್ತು. ಕೋಣೆಯ ಗಲಾಟೆ, ಪಕ್ಕದ ಮೇಜಿನ ಸದ್ದು ಯಾವುದೂ ಅವನಿಗೆ ಕೇಳ್ತಿರಲಿಲ್ಲ. ತನ್ನ ಮುಂದಿನ ಉಪಕರಣ ಮಾತ್ರ ಕೇಳ್ತಿತ್ತು.

ಆದರೆ ಕೆಲಸ ಬರೋದು ಬೇರೆ, ಕೆಲಸದಲ್ಲಿ ಉಳಿಯೋದು ಬೇರೆ. 1863ರಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ಜಂಕ್ಷನ್‌ನಲ್ಲಿ ರಾತ್ರಿ ಪಾಳಿಗೆ ಸೇರಿದ. ತಿಂಗಳಿಗೆ 25 ಡಾಲರ್. ರಾತ್ರಿ ಆಪರೇಟರ್ ಎಚ್ಚರವಿದ್ದಾನೆ ಅಂತ ತಿಳಿಯೋಕೆ ಗಂಟೆಗೊಮ್ಮೆ ಒಂದು ಗೊತ್ತಾದ ಸಂಕೇತ ಕಳಿಸಬೇಕಿತ್ತು. ಈಗ ರೂಟರ್‌ಗಳು ತಾವು ಬದುಕಿದ್ದೀವಿ ಅಂತ ಒಂದಕ್ಕೊಂದು ಹಲೋ ಕಳಿಸ್ತಾವಲ್ಲ, ಹಾಗೆ. ಎಡಿಸನ್ ಹಗಲೆಲ್ಲ ಪ್ರಯೋಗ ಮಾಡ್ತಿದ್ದ, ರಾತ್ರಿ ನಿದ್ದೆ ಬೇಕಿತ್ತು. ಗಡಿಯಾರಕ್ಕೆ ಹಲ್ಲು ಕೊರೆದ ಒಂದು ಚಕ್ರ ಕಟ್ಟಿದ. ಗಂಟೆಗೆ ಸರಿಯಾಗಿ ಅದು ತಾನೇ ತಿರುಗಿ ಸಂಕೇತ ಕಳಿಸ್ತಿತ್ತು, ಇವನು ಗೊರಕೆ ಹೊಡೀತಿದ್ದ. ಒಂದು ರಾತ್ರಿ ಸಂಕೇತ ಬಂದ ತಕ್ಷಣ ಆ ಕಡೆಯವರು ಕರೆದಾಗ ಉತ್ತರವೇ ಇಲ್ಲ. ಗುಟ್ಟು ರಟ್ಟಾಯ್ತು, ಬೈಸಿಕೊಂಡ.

ಇಲ್ಲಿಗೆ ಮುಗಿದಿದ್ರೆ ನಕ್ಕು ಸುಮ್ಮನಾಗಬಹುದಿತ್ತು. ಆಮೇಲೊಂದು ರಾತ್ರಿ ಒಂದು ರೈಲನ್ನು ತಡೆದು ನಿಲ್ಲಿಸು ಅಂತ ಆದೇಶ ಬಂತು. ಇವನು ಹೇಳಿಕಳಿಸುವಷ್ಟರಲ್ಲಿ ರೈಲು ದಾಟಿಹೋಗಿತ್ತು. ಒಂದೇ ಹಳಿ ಮೇಲೆ ಎದುರುಬದುರು ಎರಡು ರೈಲು. ಚಾಲಕರು ಒಬ್ಬರನ್ನೊಬ್ಬರು ನೋಡಿ ನಿಲ್ಲಿಸಿದ್ದರಿಂದ ಜನ ಬದುಕಿದರು. ಮೇಲಧಿಕಾರಿಗಳ ಮುಂದೆ ವಿಚಾರಣೆ ನಡೀತಿದ್ದಾಗ ಸಮಯ ನೋಡಿ ಎಡಿಸನ್ ಅಲ್ಲಿಂದ ಜಾರಿಕೊಂಡು ಗಡಿ ದಾಟಿ ಅಮೆರಿಕಕ್ಕೆ ಓಡಿ ಬಂದ. ಹದಿನಾರು ವರ್ಷ. ತಪ್ಪಾದ್ರೆ ಮಾರ್ಕ್ಸ್ ಅಲ್ಲ, ಜೀವಗಳು ಹೋಗೋ ಲ್ಯಾಬ್ ಅದು.

ಅಲ್ಲಿಂದ ಐದು ವರ್ಷ ಅವನದು ಅಲೆಮಾರಿ ಬದುಕು. ಯುದ್ಧದ ಕಾಲ, ಆಪರೇಟರ್‌ಗಳಿಗೆ ಎಲ್ಲ ಕಡೆ ಬೇಡಿಕೆ. ಏಡ್ರಿಯನ್, ಫೋರ್ಟ್ ವೇನ್, ಇಂಡಿಯಾನಾಪೊಲಿಸ್, ಸಿನ್ಸಿನಾಟಿ, ಮೆಂಫಿಸ್, ಲೂಯಿವಿಲ್. ಇದರಲ್ಲಿ ಇಂಡಿಯಾನಾಪೊಲಿಸ್ ನಮಗೆ ಮುಖ್ಯ. 1864ರ ಕೊನೆಗೆ ಅಲ್ಲಿ ಸೇರಿದಾಗ ಅವನಿನ್ನೂ ಪ್ಲಗ್. ರಾತ್ರಿ ಬರುವ ಪತ್ರಿಕಾ ವರದಿಯನ್ನು ಹಿಡಿದು ಅಭ್ಯಾಸ ಮಾಡಬೇಕು ಅಂತ ಆಸೆ, ಆದರೆ ಅದರ ವೇಗಕ್ಕೆ ಕೈ ಓಡ್ತಿರಲಿಲ್ಲ. ಆಗ ಅವನು ಮೂಲೆಯಲ್ಲಿದ್ದ ಎರಡು ಹಳೇ ಮೋರ್ಸ್ ಯಂತ್ರಗಳನ್ನು ಜೋಡಿಸಿದ. ಒಂದು ಯಂತ್ರ ಬಂದ ಸಂಕೇತವನ್ನು ಕಾಗದದ ಪಟ್ಟಿ ಮೇಲೆ ಬಂದ ವೇಗದಲ್ಲೇ ಒತ್ತಿ ಇಟ್ಟುಕೊಳ್ಳುತ್ತೆ, ಇನ್ನೊಂದು ಅದೇ ಪಟ್ಟಿಯನ್ನು ನಿಧಾನವಾಗಿ ಓಡಿಸಿ ಮತ್ತೆ ಕೇಳಿಸುತ್ತೆ. ತಂತಿಯಲ್ಲಿ 40ರ ವೇಗದಲ್ಲಿ ಬಂದದ್ದನ್ನು 25ರ ವೇಗದಲ್ಲಿ ಕೇಳಿ ಚೊಕ್ಕವಾಗಿ ಬರೆದ. ಬಫರ್ ಅನ್ನೋದನ್ನ ನಾವು ಪಿಪಿಟಿಯಲ್ಲಿ ಓದಿದ್ದೀವಿ, ಅವನು ಹೊಟ್ಟೆಪಾಡಿಗೆ ಕಟ್ಟಿದ್ದ. ಸುದ್ದಿ ಸಾಧಾರಣವಾಗಿದ್ದ ದಿನ ಎಲ್ಲ ಸರಿ. ಸುದ್ದಿ ಜಾಸ್ತಿ ಬಂದ ದಿನ ಇವನ ಪ್ರತಿ ಗಂಟೆಗಟ್ಟಲೆ ಹಿಂದೆ ಬಿತ್ತು, ಪತ್ರಿಕೆಯವರು ಜಗಳಕ್ಕೆ ಬಂದರು, ಯಂತ್ರವನ್ನು ಎತ್ತಿಡಬೇಕಾಯ್ತು. ಬಫರ್ ತುಂಬಿದ್ರೆ ಏನಾಗುತ್ತೆ ಅನ್ನೋ ಪಾಠವೂ ಅದರಲ್ಲೇ ಇತ್ತು.

1865ರಲ್ಲಿ ಸಿನ್ಸಿನಾಟಿಯಲ್ಲಿ ದರ್ಜೆ ಏರಿತು. ಆವತ್ತು ಆಪರೇಟರ್‌ಗಳ ಸಂಘ ಕಟ್ಟುವ ಸಂಭ್ರಮ, ಕಚೇರಿಯವರೆಲ್ಲ ಅಲ್ಲಿಗೆ ಹೋಗಿದ್ದರು. ತಂತಿ ಕರೀತಾನೇ ಇತ್ತು, ಎತ್ತೋರಿಲ್ಲ. ಎಡಿಸನ್ ಯಾರೂ ಹೇಳದೆ ಕೂತು ನಡುರಾತ್ರಿ ಕಳೆಯುವವರೆಗೂ ವರದಿ ಹಿಡಿದ. ಮಾರನೇ ದಿನ ಮ್ಯಾನೇಜರ್ ಅವನನ್ನು ಮೊದಲ ದರ್ಜೆಗೆ ಏರಿಸಿದ, ಸಂಬಳವೂ ಏರಿತು. ಹಾಲ್ ಟಿಕೆಟ್ ಇಲ್ಲದೆ ಬರೆದ ಪರೀಕ್ಷೆ.

ಹಾಗಂತ ಅವನೇನು ಮಾದರಿ ನೌಕರ ಆಗಲಿಲ್ಲ. ಲೂಯಿವಿಲ್‌ನಲ್ಲಿ ಬ್ಯಾಟರಿ ಕೋಣೆಗೆ ಹೋಗಿ ಪ್ರಯೋಗಕ್ಕೆ ಗಂಧಕಾಮ್ಲ ತೆಗೆಯುವಾಗ ಚೆಲ್ಲಿತು. ಆಮ್ಲ ನೆಲದ ಸಂದಿನಿಂದ ಇಳಿದು ಕೆಳಗಿನ ಕೋಣೆಯಲ್ಲಿದ್ದ ಮ್ಯಾನೇಜರ್ ಮೇಜು, ಕಾರ್ಪೆಟ್ ಎಲ್ಲ ತಿಂದುಹಾಕಿತು. ಕೆಲಸ ಹೋಯ್ತು. ಆದರೆ ಅದೇ ಊರಿನಲ್ಲಿ ಅವನು ಒಂದು ವಿಷಯ ಗಳಿಸಿಕೊಂಡಿದ್ದ. ವೇಗವಾಗಿ ಬರೆಯೋದಕ್ಕೆ ಯಾವ ಬರವಣಿಗೆ ಸರಿ ಅಂತ ಬೇರೆ ಬೇರೆ ಥರ ಬರೆದು ನೋಡಿ, ಸೊಟ್ಟಪಟ್ಟ ಅಲಂಕಾರ ಬಿಟ್ಟು ನೆಟ್ಟಗೆ, ಸಣ್ಣಗೆ, ಅಕ್ಷರ ಅಕ್ಷರ ಬಿಡಿಸಿ ಬರೆಯೋ ಕೈ ಬೆಳೆಸಿಕೊಂಡ. ಅಕ್ಷರ ಚಿಕ್ಕದಾದಷ್ಟೂ ವೇಗ ಹೆಚ್ಚು ಅಂತ ಕಂಡುಕೊಂಡಿದ್ದ.

ಈಗ ಬಾಸ್ಟನ್. 1868ರ ವಸಂತ. ಗೆಳೆಯ ಮಿಲ್ಟನ್ ಆಡಮ್ಸ್ ಮೂಲಕ ವೆಸ್ಟರ್ನ್ ಯೂನಿಯನ್ ಕಚೇರಿಯಲ್ಲಿ ಜಾಗ ಇದೆ ಅಂತ ಗೊತ್ತಾಗಿ ಬಂದ. ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ರೈಲು ತಡವಾಗಿತ್ತು, ಬಟ್ಟೆ ಹಳೇದು, ಹಳ್ಳಿಗನ ವೇಷ. ಮ್ಯಾನೇಜರ್ ಸಂದರ್ಶನ ಮುಗಿದದ್ದು ನಿಮಿಷಗಳಲ್ಲಿ, ಸಂಜೆಗೇ ಕೆಲಸಕ್ಕೆ ಬಾ ಅಂದ. ಅಚ್ಚುಕಟ್ಟಾಗಿ ಉಡುಪು ತೊಟ್ಟ ಬಾಸ್ಟನ್ ಆಪರೇಟರ್‌ಗಳು ಇವನನ್ನು ನೋಡಿ ಒಂದು ಆಟ ಹೂಡಿದರು. ರ‍್ಯಾಗಿಂಗ್ ಅಂತಲೇ ಅನ್ನಿ. ನ್ಯೂಯಾರ್ಕ್ ತಂತಿಯ ಮುಂದೆ ಕೂರಿಸಿ, ಬಾಸ್ಟನ್ ಹೆರಾಲ್ಡ್ ಪತ್ರಿಕೆಗೆ ಬರುವ ವಿಶೇಷ ವರದಿ ಹಿಡಿ ಅಂದರು. ಆ ತುದಿಯಲ್ಲಿ ನ್ಯೂಯಾರ್ಕ್‌ನ ಅತಿ ವೇಗದ ಆಪರೇಟರ್‌ಗಳಲ್ಲಿ ಒಬ್ಬನನ್ನು ಮೊದಲೇ ಹೇಳಿ ಕೂರಿಸಿದ್ದರು.

ಆರಂಭ ನಿಧಾನ. ಎಡಿಸನ್ ಆರಾಮಾಗಿ ಬರೀತಿದ್ದ. ಬರ್ತಾ ಬರ್ತಾ ವೇಗ ಏರಿತು. ಇವನೂ ಏರಿಸಿದ. ಇನ್ನೂ ಏರಿತು. ತಲೆ ಎತ್ತಿ ನೋಡಿದಾಗ ಕೋಣೆಯವರೆಲ್ಲ ಹೆಗಲ ಹಿಂದೆ ನಿಂತು ಮುಸಿಮುಸಿ ನಗ್ತಿದ್ದಾರೆ. ಆಗ ಅರ್ಥ ಆಯ್ತು. ಏನೂ ಗೊತ್ತಿಲ್ಲದವನ ಹಾಗೆ ಬರೀತಾ ಹೋದ, ನಡುವೆ ಪೆನ್ಸಿಲ್ ಚೂಪು ಕೂಡ ಮಾಡಿಕೊಂಡ. ಆ ಕಡೆಯವನು ಪದಗಳನ್ನು ಒಂದಕ್ಕೊಂದು ಅಂಟಿಸೋಕೆ, ಸಂಕೇತಗಳನ್ನು ನುಂಗೋಕೆ ಶುರು ಮಾಡಿದ. ಲೂಯಿವಿಲ್‌ನಲ್ಲಿ ಕೆಟ್ಟ ತಂತಿಗಳ ಮೇಲೆ ಅರ್ಧಂಬರ್ಧ ಬಂದದ್ದನ್ನು ಊಹಿಸಿ ಬರೆದು ಪಳಗಿದವನಿಗೆ ಅದೂ ಹೊಸದಲ್ಲ. ಸಾಕೆನ್ನಿಸಿದಾಗ ಎಡಿಸನ್ ಕೀ ತೆರೆದು ಆ ಕಡೆಯವನಿಗೆ ಒಂದು ಸಲಹೆ ಕಳಿಸಿದ, ಒಂದೇ ಕಾಲಲ್ಲಿ ಕಳಿಸಿ ದಣಿದಿರಬೇಕು, ಇನ್ನೊಂದು ಕಾಲು ಉಪಯೋಗಿಸಿ ನೋಡಪ್ಪ ಅಂತ. ಆ ಕಡೆಯವನು ಸೋತು ಉಳಿದ ವರದಿಯನ್ನು ಬೇರೆಯವನಿಗೆ ಬಿಟ್ಟುಕೊಟ್ಟ. ಬಾಸ್ಟನ್ ಕಚೇರಿ ಅವತ್ತಿಂದ ಇವನನ್ನು ತಮ್ಮವನು ಅಂತ ಒಪ್ಪಿಕೊಂಡಿತು. ಈ ಕಥೆಯನ್ನು ಎಡಿಸನ್ ವಯಸ್ಸಾದ ಮೇಲೂ ಸವಿದು ಸವಿದು ಹೇಳ್ತಿದ್ದ. ಉಪ್ಪುಖಾರ ಸ್ವಲ್ಪ ಅವನದೂ ಇರಬಹುದು, ಯಾವ ಪಾಸಾದವನು ಹಾಕಲ್ಲ ಹೇಳಿ?

ಕಥೆ ಇಲ್ಲಿಗೆ ನಿಂತರೆ ಅದು ಬರೀ ಚಪ್ಪಾಳೆ ಕಥೆ. ಮುಂದಿನ ಒಂದು ವರ್ಷದಲ್ಲಿ ಅವನು ಸಾಲಾಗಿ ಎರಡು ಕಡೆ ಫೇಲಾದ. ಬಾಸ್ಟನ್‌ನಲ್ಲಿ ಫ್ಯಾರಡೆಯ ಪುಸ್ತಕಗಳನ್ನು ಕೊಂಡು ಓದಿ, ಅದರಲ್ಲಿದ್ದ ಪ್ರಯೋಗಗಳನ್ನು ಮಾಡಿ ನೋಡ್ತಿದ್ದ. 1869ರ ಜನವರಿಯಲ್ಲಿ ಕೆಲಸ ಬಿಟ್ಟು ಪೂರ್ತಿ ಸಂಶೋಧನೆಗೆ ಇಳಿದ. ಮೊದಲ ಪೇಟೆಂಟ್, ಶಾಸನಸಭೆಗಳಿಗೆ ವಿದ್ಯುತ್ ಮತ ದಾಖಲೆ ಯಂತ್ರ, 1869ರ ಜೂನ್ 1ರಂದು ಬಂತು. ಯಂತ್ರ ಚೆನ್ನಾಗಿ ಕೆಲಸ ಮಾಡ್ತಿತ್ತು, ಕೊಳ್ಳುವವರು ಮಾತ್ರ ಇರಲಿಲ್ಲ. ಮತ ಎಣಿಕೆ ಬೇಗ ಮುಗಿಯೋದು ರಾಜಕಾರಣಿಗಳಿಗೇ ಬೇಕಿರಲಿಲ್ಲ. ಅದೇ ಏಪ್ರಿಲ್‌ನಲ್ಲಿ ಒಂದೇ ತಂತಿಯಲ್ಲಿ ಏಕಕಾಲಕ್ಕೆ ಎರಡು ಸಂದೇಶ ಕಳಿಸುವ ಉಪಕರಣವನ್ನು ರಾಚೆಸ್ಟರ್ ಮತ್ತು ನ್ಯೂಯಾರ್ಕ್ ನಡುವೆ ಪರೀಕ್ಷೆ ಮಾಡಿದ. ಮೇಜಿನ ಮೇಲೆ ಓಡಿದ ಉಪಕರಣ ನೂರಾರು ಮೈಲಿ ತಂತಿಯ ಮೇಲೆ ಓಡಲಿಲ್ಲ. ಆ ತುದಿಯಲ್ಲಿದ್ದ ಸಹಾಯಕನಿಗೆ ಏನು ಮಾಡಬೇಕು ಅನ್ನೋದೇ ಸರಿಯಾಗಿ ತಿಳಿದಿರಲಿಲ್ಲ. ಸಿಮ್ಯುಲೇಟರ್‌ನಲ್ಲಿ ಎಲ್ಲ ಹಸಿರು, ನಿಜವಾದ ರ‍್ಯಾಕ್ ಮುಂದೆ ಎಲ್ಲ ಕೆಂಪು. ಇದು ನಮಗೂ ಗೊತ್ತಿರೋ ನೋವೇ.

ಕೈ ಖಾಲಿ ಮಾಡಿಕೊಂಡು, ಸಾಲ ಹೊತ್ತು ನ್ಯೂಯಾರ್ಕ್‌ಗೆ ಬಂದ. ಮಲಗಲು ಜಾಗ ಸಿಕ್ಕಿದ್ದು ಚಿನ್ನದ ಬೆಲೆಯನ್ನು ದಲ್ಲಾಳಿಗಳ ಕಚೇರಿಗಳಿಗೆ ತಂತಿಯಲ್ಲಿ ತೋರಿಸುವ ಗೋಲ್ಡ್ ಇಂಡಿಕೇಟರ್ ಕಂಪನಿಯ ಬ್ಯಾಟರಿ ಕೋಣೆಯಲ್ಲಿ. ಹಗಲು ಸುಮ್ಮನೆ ಕೂರದೆ ಅಲ್ಲಿನ ಯಂತ್ರವನ್ನು ನೋಡ್ತಾ ಕಲೀತಿದ್ದ. ಮೂರನೇ ದಿನವೇನೋ ಮುಖ್ಯ ಯಂತ್ರ ದೊಡ್ಡ ಸದ್ದು ಮಾಡಿ ನಿಂತುಹೋಯ್ತು. ಕ್ಷಣದಲ್ಲಿ ದಲ್ಲಾಳಿಗಳ ಕಡೆಯ ನೂರಾರು ಹುಡುಗರು ಬಾಗಿಲಿಗೆ ಮುತ್ತಿಕೊಂಡು ಕೂಗಾಡಿದರು. ಯಂತ್ರದ ಉಸ್ತುವಾರಿಯವನ ಕೈಕಾಲು ಆಡ್ತಿಲ್ಲ. ಎಡಿಸನ್ ಹತ್ತಿರ ಹೋಗಿ ನೋಡಿದ. ಸ್ಪರ್ಶದ ಸ್ಪ್ರಿಂಗ್ ಒಂದು ಮುರಿದು ಎರಡು ಗೇರ್ ಚಕ್ರಗಳ ನಡುವೆ ಬಿದ್ದಿತ್ತು. ಅದನ್ನು ತೆಗೆದು, ಯಂತ್ರವನ್ನು ಸೊನ್ನೆಗೆ ಹೊಂದಿಸಿ ಓಡಿಸಿದ. ಕಂಪನಿಯ ಮಾಲೀಕ ಡಾಕ್ಟರ್ ಲಾಸ್ ಅವನಿಗೆ ತಿಂಗಳಿಗೆ 300 ಡಾಲರ್ ಸಂಬಳದ ಕೆಲಸ ಕೊಟ್ಟ. ಆ ಕಾಲಕ್ಕೆ ಅದು ತಲೆ ತಿರುಗೋ ಮೊತ್ತ. ನಮ್ಮ ಪ್ರಕಾರ ಬಾಸ್ಟನ್‌ಗಿಂತ ದೊಡ್ಡ ಪರೀಕ್ಷೆ ಇದೇ. ವೇಗ ತೋರಿಸೋದು ಒಂದು. ಎಲ್ಲರೂ ಕೂಗ್ತಿರುವಾಗ ತಣ್ಣಗೆ ನಿಂತು ಎಲ್ಲಿ ಮುರಿದಿದೆ ಅಂತ ನೋಡೋದು ಬೇರೆಯೇ.

ಫೇಲಾದ ಪ್ರಶ್ನೆಯನ್ನು ಅವನು ಬಿಡಲೂ ಇಲ್ಲ. ಐದು ವರ್ಷ ಆದಮೇಲೆ, 1874ರಲ್ಲಿ, ಒಂದೇ ತಂತಿಯಲ್ಲಿ ಎರಡಲ್ಲ, ನಾಲ್ಕು ಸಂದೇಶ ಕಳಿಸಿದ. ಇದೇ ಕ್ವಾಡ್ರುಪ್ಲೆಕ್ಸ್. ಒಂದು ಕೀ ವಿದ್ಯುತ್ತಿನ ದಿಕ್ಕನ್ನು ಬದಲಿಸುತ್ತೆ, ಇನ್ನೊಂದು ಅದರ ಬಲವನ್ನು ಬದಲಿಸುತ್ತೆ. ಆ ತುದಿಯಲ್ಲಿ ದಿಕ್ಕಿಗೆ ಮಾತ್ರ ಓಗೊಡುವ ಒಂದು ರಿಲೇ, ಬಲಕ್ಕೆ ಮಾತ್ರ ಓಗೊಡುವ ಇನ್ನೊಂದು. ಹೀಗೆ ಒಂದೇ ದಿಕ್ಕಿಗೆ ಎರಡು ಸಂದೇಶ. ತಾನು ಕಳಿಸಿದ್ದು ತನ್ನದೇ ರಿಲೇಯನ್ನು ಅಲುಗಿಸದ ಹಾಗೆ ಸರ್ಕ್ಯೂಟನ್ನು ತೂಗಿಸಿದರೆ ಎದುರು ದಿಕ್ಕಿನಿಂದಲೂ ಎರಡು. ತೊಡಕು ಒಂದಿತ್ತು. ದಿಕ್ಕು ಬದಲಾಗುವ ಕ್ಷಣದಲ್ಲಿ ವಿದ್ಯುತ್ತು ಸೊನ್ನೆ ಮುಟ್ಟುತ್ತಲ್ಲ, ಆಗ ಬಲದ ರಿಲೇ ಸುಳ್ಳು ಸಂಕೇತ ಕೊಡ್ತಿತ್ತು. ಅದನ್ನು ಹಿಡಿಯಲು ಸೇರಿಸಿದ ಉಪಾಯಕ್ಕೆ ಅವನಿಟ್ಟ ಹೆಸರು ಬಗ್ ಟ್ರ್ಯಾಪ್. ರಾತ್ರಿಯಿಡೀ ನಾವು ಹುಡುಕೋ ಬಗ್ ಅನ್ನೋ ಪದ ಕಂಪ್ಯೂಟರ್‌ಗಿಂತ ಎಷ್ಟು ಹಳೇದು ನೋಡಿ. ಹೊಸ ಕಂಬ, ಹೊಸ ತಂತಿ ಎಳೆಯದೇ ನಾಲ್ಕು ಪಟ್ಟು ಕೆಲಸ ಆಗೋ ಈ ಉಪಕರಣದ ಹಕ್ಕಿಗಾಗಿ ಕಂಪನಿಗಳು ವರ್ಷಗಟ್ಟಲೆ ಕೋರ್ಟಿನಲ್ಲಿ ಕಾದಾಡಿದವು.

ಇಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು, ಬೇಗ ಹೇಳ್ತೀವಿ. 1876ರಲ್ಲಿ ಮೆನ್ಲೊ ಪಾರ್ಕ್ ಪ್ರಯೋಗಶಾಲೆ. 1877ರಲ್ಲಿ ಫೋನೋಗ್ರಾಫ್, ಅದು ಹುಟ್ಟಿದ್ದೂ ತಂತಿ ಸಂಕೇತವನ್ನು ಒತ್ತಿಟ್ಟು ಮತ್ತೆ ಕಳಿಸುವ ಯಂತ್ರದಿಂದಲೇ, ಅಂದ್ರೆ ಇಂಡಿಯಾನಾಪೊಲಿಸ್‌ನ ಆ ಹಳೇ ಯೋಚನೆಯ ಮೊಮ್ಮಗು. 1879ರಲ್ಲಿ ದೀಪ, 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್‌ನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ. ಒಟ್ಟು 1093 ಅಮೆರಿಕನ್ ಪೇಟೆಂಟ್. ಮೊದಲ ಇಬ್ಬರು ಮಕ್ಕಳನ್ನು ಮನೆಯಲ್ಲಿ ಡಾಟ್, ಡ್ಯಾಶ್ ಅಂತ ಕರೀತಿದ್ದ. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮಿನಾ ಮಿಲ್ಲರ್‌ಗೆ ಮೋರ್ಸ್ ಕಲಿಸಿ, ಮದುವೆ ಆಗ್ತೀಯಾ ಅಂತ ಅವಳ ಅಂಗೈ ಮೇಲೆ ಬೆರಳಿಂದ ತಟ್ಟಿ ಕೇಳಿದ. ಉತ್ತರವೂ ತಟ್ಟಿಯೇ ಬಂತು.

ತಪ್ಪೂ ಮಾಡಿದ. ಏಕಮುಖ ವಿದ್ಯುತ್ತಿಗೆ ಅಂಟಿಕೊಂಡು ಪರ್ಯಾಯ ವಿದ್ಯುತ್ತನ್ನು ಹಟ ಹಿಡಿದು ವಿರೋಧಿಸಿದ, ಸೋತ. 1892ರಲ್ಲಿ ಅವನ ಕಂಪನಿ ಇನ್ನೊಂದರ ಜೊತೆ ಸೇರಿ ಜನರಲ್ ಎಲೆಕ್ಟ್ರಿಕ್ ಆದಾಗ ಹೆಸರಿನಿಂದ ಎಡಿಸನ್ ಹೊರಟುಹೋಯ್ತು. ಹತ್ತು ವರ್ಷ ಕಳೆದು, 1902ರಲ್ಲಿ, ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋದದ್ದು ಅದೇ ಜನರಲ್ ಎಲೆಕ್ಟ್ರಿಕ್ ಯಂತ್ರಗಳಿಂದ. ಹರಿದದ್ದು ಅವನು ಬೇಡವೆಂದ ಪರ್ಯಾಯ ವಿದ್ಯುತ್ತೇ.

ನಮಗೆ ಹೆಚ್ಚು ಕಾಡಿದ್ದು ಕೊನೆಗಾಲದ ಇನ್ನೊಂದು ಸಂಗತಿ. 1921ರ ಹೊತ್ತಿಗೆ ಎಡಿಸನ್ ದೊಡ್ಡ ಧಣಿ. ಕೆಲಸ ಕೇಳಿ ಬರುವ ಕಾಲೇಜು ಹುಡುಗರಿಗೆ ತಾನೇ ಒಂದು ಪ್ರಶ್ನೆಪತ್ರಿಕೆ ಮಾಡಿದ. ಸುಮಾರು 150 ಪ್ರಶ್ನೆ. ಫ್ರಾನ್ಸಿನ ಗಡಿಗೆ ಯಾವ ಯಾವ ದೇಶಗಳಿವೆ, ಒಳ್ಳೇ ಒಣಹಣ್ಣು ಎಲ್ಲಿ ಬೆಳೆಯುತ್ತೆ, ಇಂಥವು. ಬಂದವರಲ್ಲಿ ಬಹಳ ಜನ ಫೇಲು. ಪ್ರಶ್ನೆಗಳು ಪತ್ರಿಕೆಗಳಿಗೆ ಸೋರಿದವು, ಅಂದ್ರೆ ಪೇಪರ್ ಲೀಕ್ ಕೂಡ ಆಯ್ತು. ಆ ವರ್ಷ ಬಾಸ್ಟನ್‌ಗೆ ಬಂದಿದ್ದ ಐನ್‌ಸ್ಟೈನ್‌ಗೆ ಶಬ್ದದ ವೇಗ ಎಷ್ಟು ಅಂತ ಯಾರೋ ಅದರದ್ದೇ ಪ್ರಶ್ನೆ ಕೇಳಿದರೆ, ಪುಸ್ತಕದಲ್ಲಿ ಸಿಗೋದನ್ನು ತಲೆಯಲ್ಲಿ ಹೊತ್ತುಕೊಂಡು ಓಡಾಡಲ್ಲ ಅನ್ನೋ ಅರ್ಥದ ಉತ್ತರ ಬಂತು.

ಹಳ್ಳಿಗನ ವೇಷದಲ್ಲಿ ಬಾಸ್ಟನ್‌ಗೆ ಹೋದ ಹುಡುಗನಿಗೆ ಅಂಥ ಪ್ರಶ್ನೆಪತ್ರಿಕೆ ಕೊಟ್ಟಿದ್ದರೆ ಏನಾಗ್ತಿತ್ತು? ಅವನು ಓದಿದ ಓದು ವಿಪರೀತ, ಪಾಸಾಗ್ತಿದ್ದ ಅಂತ ನಮ್ಮಲ್ಲಿ ಇಬ್ಬರ ವಾದ. ಆಗಿರಬಹುದು. ಆದರೆ ತಂತಿ ಹಿಡಿಯೋಕೆ ಬರುತ್ತಾ ಅನ್ನೋದು ಆ ಪೇಪರಿನಿಂದ ಯಾರಿಗೂ ಗೊತ್ತಾಗ್ತಿರಲಿಲ್ಲ. ಕೆಲಸ ಮಾಡಿ ತೋರಿಸಿ ಮೇಲೆ ಬಂದವನು, ಮೇಲೆ ಬಂದ ಮೇಲೆ ಬಾಯಿಪಾಠ ಕೇಳಿದ. ಇದನ್ನು ನಾವು ಅವನ ಮೇಲಿನ ಸಿಟ್ಟಿನಿಂದ ಬರೀತಿಲ್ಲ. ನಾಳೆ ನಮ್ಮಲ್ಲೇ ಯಾರೋ ಲೆಕ್ಚರರ್ ಆಗ್ತಾರೆ, ಯಾರೋ ಪ್ಲೇಸ್‌ಮೆಂಟ್ ಪ್ಯಾನಲ್‌ನಲ್ಲಿ ಮೇಜಿನ ಆ ಕಡೆ ಕೂರ್ತಾರೆ. ಆಗ ನಾವೂ ಇದೇ ಮಾಡ್ತೀವೇನೋ ಅನ್ನೋ ಭಯದಿಂದ ಬರೀತಿದ್ದೀವಿ.

ಎಡಿಸನ್ ತೀರಿಕೊಂಡದ್ದು 1931ರ ಅಕ್ಟೋಬರ್ 18ರಂದು, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ, 84ನೇ ವಯಸ್ಸಿನಲ್ಲಿ. ಆ ಹೊತ್ತಿಗೆ ಕಿವಿ ಬಹುಪಾಲು ಹೋಗಿತ್ತು. ಮಾತು ಕೇಳಿಸದಿದ್ದಾಗ ಮಿನಾ ಅವನ ಕೈ ಮೇಲೋ ಮಂಡಿ ಮೇಲೋ ಮೋರ್ಸ್‌ನಲ್ಲಿ ತಟ್ಟಿ ಹೇಳ್ತಿದ್ದಳು. ಹದಿನೈದಕ್ಕೆ ಮೌಂಟ್ ಕ್ಲೆಮೆನ್ಸ್‌ನಲ್ಲಿ ಕಲಿತ ಆ ಚುಕ್ಕೆ ಗೆರೆ ಅವನನ್ನು ಕೊನೆವರೆಗೂ ಬಿಡಲಿಲ್ಲ.

ಮುಂದಿನ ವಾರ ನಮ್ಮ ಲ್ಯಾಬ್ ಇಂಟರ್ನಲ್ಸ್ ಇದೆ. ಈ ಸಲ ಚೀಟಿಯಲ್ಲಿ ಏನೇ ಬರಲಿ, ಬದಲಾಯಿಸಿ ಕೊಡಿ ಅಂತ ಕೇಳಬಾರದು ಅಂತ ಮಾತಾಡಿಕೊಂಡಿದ್ದೀವಿ. ನೋಡೋಣ.